ಶಾಲುಬಾಯಿಯ ಎಲೆಬಳ್ಳಿ

ಎಪ್ಪತ್ತೆರಡರ ಬರದಲ್ಲಿ ತನ್ನೂರು ಚಿಂತಾಕಿಯ ಬಾವಿಗಳೆಲ್ಲ ತಳ ಕಂಡ ಮೇಲೆ ಶಾಲುಬಾಯಿ ಗಂಡನೊಡನೆ ಹೈದರಾಬಾದಿಗೆ ಕಲ್ಲು ಹೊರುವ ಕೆಲಸಕ್ಕೆ ಹೊರಟಳು. ಹೋಗುವ ದಾರಿಯಲ್ಲಿ ಬೀದರಿನ ಚಿದ್ರಿಯಲ್ಲಿದ್ದ ಬಾಲ್ಯದ ಗೆಳತಿ ಅನುಸೂಯಾಬಾಯಿಯ ಮನೆ ಹೊಕ್ಕು, ಸೆರಗಿನ ಮರೆಯಿಂದ ಒಂದು ಮಣ್ಣಿನ ಕುಂಡವನ್ನು ತೆಗೆದಿಟ್ಟಳು. ಅದರಲ್ಲಿ ಗೇಣುದ್ದದ ವೀಳ್ಯದೆಲೆಯ ಬಳ್ಳಿಯಿತ್ತು.

“ನಮ್ಮವ್ವ ಹಚ್ಚಿದ್ದೆಲ್ಲಾ ಒಣಗಿ ಹೋಯ್ತಕ್ಕಾ. ಇದೊಂದೇ ತುಂಡು ಉಳದದ. ನಾ ಬರೋತನಕ ಇದರ ಜೀವ ನಿನ್ನ ಕೈಯಾಗ.”

ಅನುಸೂಯಾಬಾಯಿ ಕೊರಳ ಲಿಂಗವನ್ನು ಮುಟ್ಟಿ ನುಡಿದಳು: “ಹಸರು ಇದ್ದಾಂಗೇ ನಿನ್ನ ಕೈಗೆ ಕೊಡ್ತೇನಿ, ಹೋಗಿ ಬಾ.”

ಆಡಿದ ಮಾತು ಆಕೆಗೆ ವ್ರತವೇ ಆಯಿತು. ಬಿಸಿಲು ನೇರವಾಗಿ ತಾಗದ ಪೂಜೆಯ ಕೋಣೆಯ ಕಿಟಕಿಯಲ್ಲಿ ಕುಂಡವನ್ನಿರಿಸಿದಳು. ದಿನಕ್ಕೆ ಎರಡೇ ಕೊಡ ನೀರು ಸಿಗುತ್ತಿದ್ದ ಮನೆ ಅದು. ಹನಿಯೂ ಸೋರಿ ಹಾಳಾಗಬಾರದೆಂದು ಕುಂಡದ ತಳದ ತೂತಿಗೆ ಸುಣ್ಣ ಮೆತ್ತಿದಳು. ಲಿಂಗಕ್ಕೆ ಮಜ್ಜನಗೈದ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲಬಾರದೆಂಬುದು ಮನೆಯ ಕಟ್ಟಳೆ. ಅಂಗಳದ ಬಿಲ್ವ ಒಣಗಿ ನಿಂತಿದ್ದರಿಂದ ಆ ನೀರೂ ಬಳ್ಳಿಗೇ ಸಲ್ಲತೊಡಗಿತು. ನಸುಕಿನಲ್ಲಿ ಅತ್ತೆ ಗುಂಡಮ್ಮ, ಬಳಿಕ ಪತಿ ಮಲ್ಲಿಕಾರ್ಜುನಪ್ಪ, ಕಡೆಗೆ ಅನುಸೂಯಾಬಾಯಿ. ಒಬ್ಬರು ಎರೆದದ್ದನ್ನು ಇನ್ನೊಬ್ಬರು ಅರಿಯರು.

ತಿಂಗಳು ತುಂಬುವ ಮೊದಲೇ ಎಲೆಗಳು ಜೋತುಬಿದ್ದವು. ಬಾಯಾರಿಕೆಯಿರಬೇಕೆಂದು ಬಗೆದ ಆಕೆ ತಾನು ಕುಡಿಯುವ ನೀರಿನಲ್ಲಿಯೂ ಒಂದು ಲೋಟ ಉಳಿಸಿ ಎರೆದಳು. ಬುಡದ ಎಲೆಗಳು ಹಳದಿಗಟ್ಟಿದವು. ಮತ್ತೊಂದು ಲೋಟ ಎರೆದಳು. ಎರಡು ಎಲೆಗಳು ಉದುರಿಯೇಬಿಟ್ಟವು. ಅಷ್ಟರಲ್ಲಿ ಹೈದರಾಬಾದಿನಿಂದ ಕಾಗದ ಬಂದಿತು: ಯುಗಾದಿಗೆ ಊರಿಗೆ ಹೋಗುವಾಗ ಬಳ್ಳಿಯನ್ನು ನೋಡಿ ಹೋಗುವೆ. ಕಾಗದವನ್ನು ಮಡಿಚಿಟ್ಟು ಅನುಸೂಯಾಬಾಯಿ ಇನ್ನೊಂದು ಲೋಟ ಎರೆದಳು.

ಮರುದಿನ ಬೆಳಗ್ಗೆ ಎಲೆ ಮಾರುವ ವಜೀರಬೀ ಬುಟ್ಟಿ ಹೊತ್ತು ಬಂದಳು. ಭಾಲ್ಕಿಯ ಎಲೆತೋಟಗಳಲ್ಲಿ ದುಡಿದು ಹಣ್ಣಾದ ಜೀವ. ಅನುಸೂಯಾಬಾಯಿ ಆಕೆಯನ್ನು ಕಿಟಕಿಯ ಬಳಿಗೆ ಕರೆದೊಯ್ದಳು.

“ಎಷ್ಟು ನೀರು ಹಾಕಿದ್ರೂ ಸಾಲವಲ್ದು ನೋಡು.”

ವಜೀರಬೀ ಎಲೆಯನ್ನು ಬೆರಳುಗಳ ನಡುವೆ ಹಿಡಿದಳು. “ನೀರಡಿಸಿದ ಎಲಿ ಹಪ್ಪಳದಾಂಗ ಗರಗರ ಅಂತದ್ರಿ, ಬಾಯಿ. ಇದು ನೆನದ ಅರಿವಿ ಆಗ್ಯದ. ಮಧ್ಯಾಹ್ನ ಬಾಡಿ ಸಂಜಿಗಿ ಎದ್ದರ ಅದು ಬಿಸಲಿನ ಆಟ. ಮುಂಜಾನೆನೇ ಹಿಂಗ ಬಿದ್ದದಂದ್ರ ಬೇರಿನ ಬೇಮಾರಿ.” ಹೀಗೆಂದವಳೇ ಮಣ್ಣಿನಲ್ಲಿ ಬೆರಳನ್ನು ಎರಡು ಗಿಣ್ಣಿನಷ್ಟು ಊರಿ, ತೆಗೆದು ಮೂಸಿ, ಮುಖ ಕಿವುಚಿದಳು. “ಹಳಸಿದ ನಾತ! ಯಾರ್ಯಾರು ಹಾಕತೀರಿ?”

ಮಾತು ಕೇಳಿ ಬಂದ ಅತ್ತೆ “ನಾನು” ಎಂದರು. ಅವರ ಹಿಂದೆಯೇ ಬಂದ ಪತಿಯೂ “ನಾನು” ಎಂದರು. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

“ಇಡೀ ಜಿಲ್ಲಾದಾಗ ಮಳಿ ಇಲ್ಲ,” ಎಂದು ಮಲ್ಲಿಕಾರ್ಜುನಪ್ಪ ನಕ್ಕುಬಿಟ್ಟರು, “ನಮ್ಮ ಕುಂಡದಾಗ ಹೊಳಿ ಬಂದದ!”

ಅನುಸೂಯಾಬಾಯಿಗೆ ನಗು ಬರಲಿಲ್ಲ. ಡಬ್ಬಣದಿಂದ ಸುಣ್ಣವನ್ನು ಕೆದಕಿದಳು. ಕಪ್ಪು ನೀರು ಬಹಳ ಹೊತ್ತು ತೊಟ್ಟಿಕ್ಕಿತು. ಬಳ್ಳಿಯನ್ನು ಮೆಲ್ಲನೆ ಬಿಡಿಸಿದಾಗ ಬೇರುಗಳೆಲ್ಲ ಕಂದಿ ಲೋಳೆಯಾಗಿದ್ದವು. ಎರಡು ಮಾತ್ರ ಬೆಳ್ಳಗೆ ಗಟ್ಟಿಯಾಗಿದ್ದವು.

“ಇವೆರಡು ಸಾಕ್ರಿ,” ಎಂದಳು ವಜೀರಬೀ. ಕೊಳೆತದ್ದನ್ನು ಕತ್ತರಿಸಿದಳು, ತೂತಿನ ಮೇಲೆ ಇಟ್ಟಿಗೆಯ ಚೂರುಗಳನ್ನು ಹರವಿದಳು, ಹೊಸ ಮಣ್ಣಿಗೆ ಮರಳು ಬೆರೆಸಿ ಬಳ್ಳಿಯನ್ನು ನೆಟ್ಟು, ಎರಡು ಚಮಚೆ ನೀರು ಹನಿಸಿದಳು. “ಇನ್ನ ಬೆರಳಿಗಿ ಅಂಟದಾಂಗ ಮಣ್ಣು ಒಣಗೋತನಕ ಹನಿ ಹಾಕಬ್ಯಾಡ್ರಿ. ಮಾಯಾ-ಮಮತಾ ಉಕ್ಕಿದ್ರ ಕೈ ಕಟ್ಟಕೊಂಡು ಕೂಡ್ರಿ.”

ಕೊಡುವುದಕ್ಕಿಂತ ಕೊಡದಿರುವುದು ಕಠಿಣ ತಪಸ್ಸೆಂಬುದನ್ನು ಆ ದಿನಗಳಲ್ಲಿ ಆಕೆ ಅರಿತಳು. ಮೂವರ ಮಜ್ಜನದ ನೀರೂ ಒಂದೇ ತಂಬಿಗೆಯಲ್ಲಿ ಕೂಡಿ ಬಿಲ್ವದ ಒಣ ಬುಡವನ್ನು ಸೇರಿತು. ಪ್ರತಿದಿನ ಬೆರಳೂರಿ, ತೇವವಿದೆಯೆಂದು ಕೈ ಹಿಂದೆಗೆಯುತ್ತಿದ್ದಳು. ಉಳಿದಿದ್ದ ಎಲೆಗಳೂ ಒಂದೊಂದಾಗಿ ಕಳಚಿದವು. ಯುಗಾದಿಯ ಮುನ್ನಾದಿನ ಬಾಗಿಲಲ್ಲಿ ಶಾಲುಬಾಯಿಯ ದನಿ ಕೇಳಿದಾಗ ಕುಂಡದಲ್ಲಿದ್ದುದು ಒಂದು ಕಡ್ಡಿ, ಅದರ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಒಂದು ಚಿಗುರು.

“ಹಸರು ಇದ್ದಾಂಗೇ ಕೊಡ್ತೇನಿ ಅಂದಿದ್ದೆ,” ಎಂದು ಅನುಸೂಯಾಬಾಯಿ ತಲೆ ತಗ್ಗಿಸಿದಳು. “ನೀರು ಹಾಕಿ ಹಾಕಿ ನಾನೇ ಕೊಂದಿದ್ದೆ, ಶಾಲೂ.”

ಶಾಲುಬಾಯಿ ಬಾಗಿ ನೋಡಿದಳು. “ಅಲ್ಲಾ, ಬರಗಾಲದಾಗ ನೀರಾಗ ಮುಳುಗಿಸಿದಾಕಿ ನೀ ಒಬ್ಬಾಕೇ ಇರಬೇಕಲ್ಲ!” ಎಂದು ನಗುತ್ತ, ಕಣ್ಣೊರೆಸಿಕೊಂಡಳು. “ಹಸರೇ ಅದ ಅಲ್ಲೇನಕ್ಕಾ. ಒಂದು ಹನಿಯಷ್ಟಾದ್ರೂ ಹಸರೇ. ಚಿಂತಾಕ್ಯಾಗ ಇನ್ನೂ ನೀರಿಲ್ಲ. ಮಳಿ ಆಗೋತನಕ ಇಲ್ಲೇ ಇರಲಿ.” ಪ್ರಯಾಣದ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಅಕ್ಕರೆಯಿಂದ ಬಳ್ಳಿಯತ್ತ ಬಗ್ಗಿಸಿದಳು.

ಅನುಸೂಯಾಬಾಯಿ ಗಕ್ಕನೆ ಅವಳ ಮುಂಗೈ ಹಿಡಿದಳು. “ತಡಿ. ಮೊದಲ ಬೆರಳು.”

ಶಾಲುಬಾಯಿ ಬೆರಳನ್ನು ಊರಿ ತೆಗೆದಳು. ಮಣ್ಣು ಅಂಟಲಿಲ್ಲ.

“ಈಗ ಹಾಕು,” ಎಂದಳು ಅನುಸೂಯಾಬಾಯಿ.