ಕೇತಮ್ಮನ ಅಳತೆಯ ಬಾಣ

ನಾನು ಒಂದು ಬಾಣ. ಬಿಟ್ಟವರ ಕೈಯಿಂದ ದೂರ ಹೋಗುವುದೇ ನನ್ನ ಕೆಲಸ ಎಂದು ನಂಬಿದ್ದೆ. ಆ ನಂಬಿಕೆಗೆ ಒಂದು ದಿನ ಬಿದ್ದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿಲ್ಲ.

ಹುಟ್ಟಿದ್ದು ಹೊಳೆದಂಡೆಯ ವಾಟೆ ಮೆಳೆಯಲ್ಲಿ. ವಾಟೆಯೆಂದರೆ ಬೆರಳ ಗಾತ್ರದ, ಒಳಗೆ ಪೊಳ್ಳಾದ ಬಿದಿರು. ಮೇದರ ಕೇರಿಯ ಕೇತಮ್ಮ ಬುಟ್ಟಿ ಹೆಣೆಯಲು ಬಿದಿರು ತರುವಾಗ ನನ್ನನ್ನೂ ಕಡಿದು ತಂದಳು. ನೆರಳಲ್ಲಿ ಒಣಗಿಸಿ, ಕೆಂಡದ ಮೇಲೆ ಕಾಯಿಸಿ ಡೊಂಕು ತಿದ್ದಿದಳು. ಕೆಂಡ ಕಂಡಾಗ ನನ್ನ ಕಥೆ ಮುಗಿಯಿತೆಂದೇ ಬೆಚ್ಚಿಬಿದ್ದಿದ್ದೆ. ಬಾಲಕ್ಕೆ ಹುಂಜದ ಗರಿ ಕಟ್ಟಿ, ಮೂತಿಗೆ ಮಸೆದ ಮೊಳೆ ಸಿಕ್ಕಿಸಿದ ಮೇಲೆ ಜೀವ ಬಂತು.

ಹಿಂದೊಮ್ಮೆ ಬಿದಿರಿನ ಹೊರೆ ಸಮೇತ ಬಿದ್ದು ಕೇತಮ್ಮನ ಬಲ ಭುಜ ಕೆಟ್ಟಿತ್ತು. ಎಲ್ಲರೂ ಹೆದೆಯನ್ನು ಕೆನ್ನೆಯವರೆಗೆ ಎಳೆದರೆ, ಅವಳು ಎದೆಯ ಮೇಲಿನ ತಾಳಿಗೆ ತಾಗಿದ ಕೂಡಲೇ ಬಿಡುತ್ತಿದ್ದಳು. ಅದಕ್ಕೇ ನನ್ನನ್ನು ಎಡ ಮುಷ್ಟಿಯಿಂದ ತಾಳಿಯವರೆಗೆ ಅಳೆದು, ನಾಲ್ಕು ಬೆರಳು ಮಾತ್ರ ಜಾಸ್ತಿ ಬಿಟ್ಟು ಕತ್ತರಿಸಿದಳು. ಇಷ್ಟು ಗಿಡ್ಡನಾದೆನಲ್ಲ ಎಂದು ನನಗೆ ನಾಚಿಕೆ. ಆದರೆ ಮೊದಲ ಸಲವೇ ಇಪ್ಪತ್ತು ಹೆಜ್ಜೆ ದೂರದ ಹಳೇ ಮೊರದ ನಟ್ಟನಡುವೆ ಚುಚ್ಚಿಕೊಂಡೆ. ನನಗೇ ಆಶ್ಚರ್ಯವಾಯಿತು.

ಆ ವರ್ಷ ತಾಲ್ಲೂಕಿನಲ್ಲಿ ನಾಡಬಿಲ್ಲಿನ ಸ್ಪರ್ಧೆ ಇಟ್ಟರು. ಗೆದ್ದವರಿಗೆ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಬಿಲ್ಲುವಿದ್ಯೆ ಕಲಿಸುವ ಕೆಲಸ. ಅಪ್ಪನಿಂದ ಕಲಿತದ್ದನ್ನು ಯಾರಿಗಾದರೂ ದಾಟಿಸಬೇಕೆಂಬ ಆಸೆ ಕೇತಮ್ಮನಿಗೆ ಬಹಳ ದಿನದ್ದು. ಹೆಸರು ಕೊಟ್ಟಳು.

ಮೈದಾನದಲ್ಲಿ ತೀರ್ಪುಗಾರರಾಗಿದ್ದವರು ತರಬೇತುದಾರ ನಾಗಭೂಷಣ. ಅವಳು ಎದೆಯವರೆಗೆ ಮಾತ್ರ ಎಳೆಯುವುದನ್ನು ಕಂಡು ನಕ್ಕರು. ಇದು ಬಿಲ್ಲು ಹಿಡಿಯುವ ಕ್ರಮವೇ ಅಲ್ಲ, ನೋಡಿ ಕಲಿಯಿರಿ ಎಂದು ನನ್ನನ್ನೂ ಬಿಲ್ಲನ್ನೂ ಕೊಡುವಂತೆ ಕೇಳಿದರು. ಕೇತಮ್ಮ ಕೊಟ್ಟಳು.

"ಸಾರ್, ಅದು ನನ್ನ ಅಳತೆದು. ಪೂರ್ತಿ ಎಳೀಬ್ಯಾಡಿ," ಎಂದಳು.

ಅವರು ಕೆನ್ನೆಯವರೆಗೆ ಎಳೆದರು. ನನ್ನ ಮೂತಿ ಬಿಲ್ಲನ್ನು ದಾಟಿ ಹಿಂದಕ್ಕೆ ಬಂದು, ಬಿಲ್ಲು ಹಿಡಿದ ಅವರ ಮುಷ್ಟಿಯ ಮೇಲೆ ಕೂತಿತು. ಬೇಡ, ಬೇಡ ಎಂದು ಒಳಗೇ ಕೂಗಿಕೊಂಡೆ. ಬಾಣದ ಕೂಗು ಯಾರಿಗೆ ಕೇಳುತ್ತದೆ? ಹೆದೆ ಬಿಟ್ಟರು. ನಾನು ಹೆಬ್ಬೆರಳಿನ ಬುಡ ಹೊಕ್ಕು ಆಚೆ ಬಂದಿದ್ದೆ. ಹಿಡಿದ ಕೈಯನ್ನೇ ಚುಚ್ಚಿದ್ದೆ. ಬಿಸಿ ರಕ್ತ ನನ್ನ ಪೊಳ್ಳಿನೊಳಗೆಲ್ಲ ಇಳಿಯಿತು.

ಅದಕ್ಕಿಂತ ದೊಡ್ಡ ಆಘಾತ ಮುಂದೆ ಕಾದಿತ್ತು. ಬ್ಯಾಂಡೇಜು ಕಟ್ಟುವಾಗ ಸಂಘಟಕರು ಏನಾಯಿತೆಂದು ಕೇಳಿದರು. ನಾಗಭೂಷಣ ತಲೆ ತಗ್ಗಿಸಿ, "ಬಾಣ ಡೊಂಕಿತ್ತು," ಎಂದರು. ನಾನು ಡೊಂಕೇ? ಕೆಂಡದ ಮೇಲೆ ಬೆಂದು ನೆಟ್ಟಗಾದವನು ನಾನು! ಕೇತಮ್ಮನ ಹೆಸರು ಹೊಡೆದು ಹಾಕಿದರು. ಅವಳು ನನ್ನನ್ನು ಎತ್ತಿಕೊಂಡು ಮನೆಗೆ ಬಂದು ಸೂರಿಗೆ ಸಿಕ್ಕಿಸಿದಳು. ಬಿಲ್ಲನ್ನು ಆಮೇಲೆ ಮುಟ್ಟಲಿಲ್ಲ.

ನಾಲ್ಕು ತಿಂಗಳ ನಂತರ ನಾಗಭೂಷಣ ಕೇರಿಗೆ ಬಂದರು. ಎಡಗೈ ಹೆಬ್ಬೆರಳು ಮಡಚುತ್ತಿರಲಿಲ್ಲ.

"ತಪ್ಪು ನಂದೇ ಅಂತ ಬರ್ದುಕೊಟ್ಟು ಬಂದೆ ಕೇತಮ್ಮ. ಶಾಲೆಯವ್ರು ನಿಮ್ಮನ್ನೇ ಕರೀತಾರೆ."

ಈಗ ಬಾಯಿಗೆ ಬಂದಂತೆ ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಅವಳು ಆ ಹೆಬ್ಬೆರಳನ್ನು ನೋಡಿ ಕಣ್ಣೊರೆಸಿಕೊಂಡಳು.

"ನಂದೂ ಐತೆ ಸಾರ್. ಬಾಣ ಗಿಡ್ಡ ಅಂತ ಗೊತ್ತಿದ್ದೂ ಕೈಗೆ ಕೊಟ್ಟೆ."

ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ.

ಈಗ ವಸತಿ ಶಾಲೆಯ ಹುಡುಗಿಯರಿಗೆ ಬಾಣ ಮಾಡುವವಳು ಅವಳೇ. ಅವರಿಗೆ ತಾಳಿಯಿಲ್ಲದಿದ್ದರೂ ತನ್ನಂತೆ ಎದೆಯವರೆಗೆ ಎಳೆಯುವುದನ್ನೇ ಕಲಿಸುತ್ತಾಳೆ. ಆದರೂ ಬಾಣ ಮಾತ್ರ ಉದ್ದ. ಇಷ್ಟುದ್ದ ಯಾಕೆಂದು ಒಬ್ಬ ಹುಡುಗಿ ಕೇಳಿದಳು.

"ಯಾರಿಗೆ ಯಾವತ್ತು ಪೂರ್ತಿ ಎಳೀಬೇಕು ಅನ್ಸುತ್ತೋ, ಯಾರಿಗ್ಗೊತ್ತು ಮಗಾ?"

ನನ್ನನ್ನು ಇನ್ನು ಯಾರೂ ಹೆದೆಗೆ ಏರಿಸುವುದಿಲ್ಲ. ನಾನೀಗ ಅಳತೆಗೋಲು. ಹೊಸ ವಾಟೆಯನ್ನು ನನ್ನ ಪಕ್ಕ ಮಲಗಿಸಿ, ನನ್ನ ಮೂತಿಯ ಕಂದು ಕಲೆಯಿಂದ ಒಂದು ಗೇಣು ಮುಂದಕ್ಕೆ ಬಿಟ್ಟು ಕತ್ತರಿಸುತ್ತಾಳೆ. ಆ ಒಂದು ಗೇಣು ಕಂಡಾಗಲೆಲ್ಲ ಮಡಚದ ಆ ಹೆಬ್ಬೆರಳು ನೆನಪಾಗಿ ನಾನು ಇವತ್ತಿಗೂ ನಡುಗುತ್ತೇನೆ.