ಹಾಕಿದ ಗೆರೆ

ರಸ್ತೆಗೆ ಗೆರೆ ಬಳಿಯುವುದು ನನ್ನ ಕೆಲಸ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಾಕಿದ ಗೆರೆ ದಾಟುವವರಲ್ಲ ಎಂದು ಮನೆಯವರೆಲ್ಲ ನಗುತ್ತಿದ್ದೆವು. ಎಲ್ಲರಿಗಿಂತ ಜೋರು ನಗು ಅಕ್ಕನದೇ.

ಅವಳಿಗೆ ಎದೆನೋವು ಬಂದ ದಿನ ಭಾವ ಕಾರನ್ನು ಆಸ್ಪತ್ರೆಯ ಬಾಗಿಲವರೆಗೂ ತಂದರು. ಅಲ್ಲಿ ಗಾಡಿ ನಿಲ್ಲಿಸಬಾರದೆನ್ನುವ ಹಳದಿ ಗೆರೆ ಕಂಡಿತು. ಮುಂದೆ ಹೋಗಿ, ಎರಡು ರಸ್ತೆ ಆಚೆ ನಿಲ್ಲಿಸಿ, ಅವಳನ್ನು ನಡೆಸಿಕೊಂಡು ಬಂದರು. ಅಕ್ಕ ಆ ಗೆರೆಯ ಮೇಲೆಯೇ ಕುಸಿದಳು. ಮತ್ತೆ ಏಳಲಿಲ್ಲ.

ತಿಂಗಳಾದ ಮೇಲೆ ನಮ್ಮ ಕಚೇರಿಯ ಗುಮಾಸ್ತ ಕಡತ ತಿರುವುತ್ತಾ ಸಿಡುಕಿದ. "ಆದೇಶ ಇರೋದು ಮೂಲೆವರೆಗೆ ಮಾತ್ರ ಕಣಯ್ಯಾ. ಆಸ್ಪತ್ರೆ ಮುಂದೆ ಆದೇಶಾನೂ ಇಲ್ಲ, ಬೋರ್ಡೂ ಇಲ್ಲ. ಕಾನೂನಿನ ಪ್ರಕಾರ ಅಲ್ಲಿ ಗೆರೆನೇ ಇಲ್ಲ. ಯಾವನು ಬಳಿದಿದ್ದು ಅದನ್ನ?"

ನಾನೇ. ಡಬ್ಬದಲ್ಲಿ ಬಣ್ಣ ಉಳಿದಿತ್ತು. ಸುಮ್ಮನೆ ಒಣಗಿ ಹಾಳಾಗುತ್ತದಲ್ಲ ಎಂದು ಇನ್ನಷ್ಟು ದೂರ ಎಳೆದಿದ್ದೆ.

ಅದರ ಮೇಲೆ ಮೂರು ಸಲ ಕಪ್ಪು ಬಳಿದಿದ್ದೇನೆ. ಹಾಳಾದ್ದು, ಬಿಸಿಲೇರಿದರೆ ಸಾಕು, ಹಳದಿ ಮತ್ತೆ ಇಣುಕುತ್ತದೆ. ಪಕ್ಕದಲ್ಲಿ ನಡೆದರೆ ಅಕ್ಕ ನಕ್ಕಿದ್ದು ಕೇಳಿಸುತ್ತದೆ.

ನಿನ್ನೆ ಎಲ್ಲವನ್ನೂ ಹೇಳಿಬಿಡೋಣ ಎಂದು ಭಾವನ ಮನೆಗೆ ಹೋದೆ.

"ಭಾವ, ಆ ಗೆರೆ ಇದೆಯಲ್ಲ, ಅದು ಅಲ್ಲಿ ಇರಲೇಬಾರದಾಗಿತ್ತು," ಎಂದೆ.

ಮುಂದಿನದನ್ನು ಹೇಳುವ ಮೊದಲೇ ಭಾವ ನನ್ನ ಬೆನ್ನು ಸವರಿದರು. ನಾನು ದುಃಖಕ್ಕೆ ಹಾಗಂದೆ ಎಂದುಕೊಂಡರೇನೋ.

"ಹಾಗನ್ನಬೇಡ ಕಣೋ," ಎಂದರು. "ಹಾಕಿದವರು ಯೋಚನೆ ಮಾಡೇ ಹಾಕಿರ್ತಾರೆ."