ಚೀಟಿಯ ಹಿಂಬದಿ

ನರ್ಸಿಂಗ್ ಎರಡನೇ ವರ್ಷದ ಉದ್ದ ಜಡೆಯ ಹುಡುಗಿ ಹೆಣದ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ಕೂತೇ ಇದ್ದಳು. ಅರ್ಧ ನಿಮಿಷಕ್ಕೇ ಚಿಕ್ಕಮ್ಮನ ತಾಳ್ಮೆ ತಪ್ಪಿತು.

"ಏನೇ ಹುಡುಗಿ ಇದು? ಬೆಳಿಗ್ಗೆ ಆರಕ್ಕೇ ಡಾಕ್ಟರು ಬರೆದುಕೊಟ್ಟಿದ್ದಾರೆ. ನಿಂಗಿನ್ನೇನು ಅನುಮಾನ?"

ಹುಡುಗಿ ಬೆಚ್ಚಿ ಕೈ ತೆಗೆದಳು. "ತಪ್ಪಾಯ್ತಮ್ಮ, ಅಭ್ಯಾಸ. ಲ್ಯಾಬಲ್ಲಿ ಇವರು ಹೀಗೇ ಸತ್ತೋರ ಥರ ಮಲಗಿರೋರು. ನಾಡಿ ಸಿಗ್ಲಿಲ್ಲ ಅಂತ ಪೂರ್ತಿ ಒಂದು ನಿಮಿಷ ನೋಡ್ದೆ ಕೈ ಬಿಟ್ರೆ ಎದ್ದು ಕೂತು, ‘ಬದುಕಿದ್ದೋಳನ್ನ ಸಾಯಿಸ್ಬಿಟ್ಯಲ್ಲೇ’ ಅಂತ ಬೈತಿದ್ರು."

ಗೋಡೆಗೊರಗಿ ಕೂತಿದ್ದ ಮಗಳಿಗೆ ಅಳುವಿನ ನಡುವೆಯೂ ನಗು ಬಂದುಬಿಟ್ಟಿತು. ಅಮ್ಮ ಅಂಥವಳೇ. ನರ್ಸಿಂಗ್ ಶಾಲೆಗೆ ಕಸ ಗುಡಿಸಲು ಸೇರಿದವಳು. ಒಂದು ವರ್ಷ, ಪರೀಕ್ಷೆಯ ಹಿಂದಿನ ದಿನ, ಲ್ಯಾಬಿನಲ್ಲಿದ್ದ ಒಂದೇ ಒಂದು ಅಭ್ಯಾಸದ ಬೊಂಬೆಯ ಕತ್ತು ಮುರಿದು ಕೈಗೆ ಬಂತು. ದಿಕ್ಕು ತೋಚದ ಟೀಚರಮ್ಮ, ‘ನೀನೇ ಸ್ವಲ್ಪ ಮಲ್ಕೊಳ್ಳೇ’ ಅಂದರು. ಅಂದು ಮಲಗಿದವಳು ಇಪ್ಪತ್ತಾರು ವರ್ಷ ಮಲಗಿದಳು. ಬೆಳಿಗ್ಗೆ ನೆಲ ಒರೆಸುವುದು, ಹತ್ತು ಗಂಟೆಗೆ ಕೈ ತೊಳೆದುಕೊಂಡು ಮಂಚದ ಮೇಲೆ ಕಾಯಿಲೆ ಬೀಳುವುದು. ಉಬ್ಬಸ, ಹೆರಿಗೆ ನೋವು, ಎದೆನೋವು, ಅವತ್ತಿನ ಪಾಠಕ್ಕೆ ಏನು ಬೇಕೋ ಅದು, ಒಂದೊಂದಕ್ಕೂ ತಾನೇ ಬರೆದಿಟ್ಟುಕೊಂಡ ಒಂದೊಂದು ಚೀಟಿ. ಹುಡುಗಿಯರು ಇಟ್ಟ ಹೆಸರು ರೋಗಿಯಮ್ಮ.

ಮಗಳು ಬಸ್ ಕಂಡಕ್ಟರು. ಡಿಪೋದಲ್ಲಿ ಯಾರಾದರೂ ‘ನಿಮ್ಮಮ್ಮ ಏನ್ ಮಾಡ್ತಾರೆ’ ಅಂತ ಕೇಳಿದರೆ ‘ಆಸ್ಪತ್ರೆ ಕಡೆ ಕೆಲಸ’ ಎಂದು ಮಾತು ತಿರುಗಿಸುತ್ತಿದ್ದಳು. ದಿನಾ ಕಾಯಿಲೆಯ ನಾಟಕ ಆಡುತ್ತಾಳೆ ಎಂದು ಯಾವ ಬಾಯಲ್ಲಿ ಹೇಳುವುದು? ನಾಚಿಕೆಯಾಗುತ್ತಿತ್ತು, ಸುಳ್ಳು ಯಾಕೆ.

ಹನ್ನೊಂದಕ್ಕೆ ಶವದ ಗಾಡಿ ಬರಬೇಕಿತ್ತು. ಹತ್ತೂವರೆಗೆ ಪ್ರಾಂಶುಪಾಲರು ಬಂದರು. ಅಂಗಳದಲ್ಲಿ ಕೂತಿದ್ದ ಹನ್ನೆರಡು ಮಂದಿ ಹುಡುಗಿಯರು ಸಮವಸ್ತ್ರದ ಮಡಿಕೆ ಸರಿಮಾಡಿಕೊಂಡು ಎದ್ದು ನಿಂತರು. ಪ್ರಾಂಶುಪಾಲರು ಹೂವಿನ ಚಕ್ರವನ್ನು ಹೆಣದ ಕಾಲ ಬಳಿ ಇಟ್ಟರು, ಕೈಮುಗಿದರು, ಆಮೇಲೆ ಮಗಳ ಪಕ್ಕ ಬಂದು ದನಿ ತಗ್ಗಿಸಿದರು.

"ಇಂಥ ಹೊತ್ತಲ್ಲಿ ಕೇಳಬಾರದು. ಆದ್ರೆ ನಾಳೆ ತಪಾಸಣೆ ತಂಡ ಬರ್ತಿದೆ. ನಿಮ್ಮ ತಾಯಿ ಹತ್ರ ಒಂದು ಡಬ್ಬ ತುಂಬ ಚೀಟಿ ಇತ್ತಲ್ಲ, ಅದು ಶಾಲೆಯ ಕಲಿಕಾ ಸಾಮಗ್ರಿ. ಶಾಲೆಯ ಸಮಯದಲ್ಲಿ ಬರೆದದ್ದು ಶಾಲೆಗೇ ಸೇರಬೇಕು. ಇಲ್ಲೊಂದು ಸಹಿ ಹಾಕಿಬಿಡಿ."

"ಕೊಟ್ಟು ಕಳಿಸೇ," ಅಂದಳು ಚಿಕ್ಕಮ್ಮ. "ಅಕ್ಕನೇ ಹೋದ ಮೇಲೆ ಆ ಕಾಗದದ ಚೂರು ಇಟ್ಕೊಂಡು ಏನ್ ಮಾಡ್ತೀಯ?"

ಮಗಳಿಗೂ ಹಾಗೇ ಅನ್ನಿಸಿತು. ಯಾರಿಗೆ ಬೇಕು ಆ ರಾಶಿ? ಎದ್ದು ಒಳಕೋಣೆಗೆ ಹೋದಳು.

*

ನಾಲ್ಕು ತಿಂಗಳ ಹಿಂದೆ ಲ್ಯಾಬಿಗೆ ಮಾತಾಡುವ ಬೊಂಬೆ ಬಂದಿತ್ತು. ಅದು ಕಣ್ಣು ಮಿಟುಕಿಸುತ್ತಿತ್ತು, ಎದೆ ಏರಿಳಿಯುತ್ತಿತ್ತು, ಗುಂಡಿ ಒತ್ತಿದರೆ ‘ನೋವು’ ಅನ್ನುತ್ತಿತ್ತು. ಅವತ್ತೇ ಪ್ರಾಂಶುಪಾಲರು ಅಮ್ಮನನ್ನು ಕರೆಸಿ, ಇನ್ನು ಮಂಚ ಹತ್ತಬೇಡಿ, ಪೊರಕೆ ಕೆಲಸ ಸಾಕು ಎಂದಿದ್ದರು.

ಸಂಜೆ ಮನೆಗೆ ಬಂದ ಅಮ್ಮನ ಮುಖದಲ್ಲಿ ಬೇಸರವಿರಲಿಲ್ಲ, ಸಿಟ್ಟಿತ್ತು.

"ಬೊಂಬೆ ಚೆನ್ನಾಗಿದೆ ಕಣೇ, ಇಲ್ಲ ಅನ್ನಲ್ಲ. ಸೂಜಿ ಚುಚ್ಚಿ ಕಲೀಬಹುದು, ಎದೆ ಒತ್ತಿ ಕಲೀಬಹುದು. ನನ್ನ ಎದೆ ಹಂಗೆ ಒತ್ತಿದ್ರೆ ನಾನು ಉಳೀತೀನಾ? ಆದ್ರೆ ಅದಕ್ಕೆ ನಾಚಿಕೆ ಅನ್ನೋದಿಲ್ಲ. ಕೇಳಿದ್ದಕ್ಕೆಲ್ಲ ಒದರುತ್ತೆ. ಯಾವ ರೋಗಿ ಹಂಗೆ ಹೇಳ್ತಾನೆ?"

"ನಿಂಗೂ ವಯಸ್ಸಾಯ್ತು. ಸುಮ್ನಿದ್ಬಿಡಮ್ಮ."

"ಸುಮ್ನಿರೋದಾ? ನಾಳೆ ಮಧ್ಯಾಹ್ನ ಊಟದ ಬಿಡುವಲ್ಲಿ ಮಲಗ್ತೀನಿ. ಬಿಡುವು ನಂದು. ಅದೇನ್ ಮಾಡ್ತಾರೋ ನೋಡೇಬಿಡ್ತೀನಿ."

ಹೇಳಿದಂತೆಯೇ ಮಾಡಿದಳು. ಹುಡುಗಿಯರು ತುತ್ತು ನುಂಗಿದಂತೆ ಮಾಡಿ ಲ್ಯಾಬಿಗೆ ಓಡಿಬರುತ್ತಿದ್ದರು. ಒಂದು ನೋಟೀಸು ಬಂತು, ಆಮೇಲೆ ಇನ್ನೊಂದು. ಅಮ್ಮ ಎರಡನ್ನೂ ಮಡಚಿ ಮಂಚದ ಕಾಲಿನ ಕೆಳಗೆ ಇಟ್ಟಳು. ಮಂಚ ಅಲ್ಲಾಡುವುದು ನಿಂತಿತು ಎಂದು ಮನೆಗೆ ಬಂದು ನಕ್ಕಳು.

ಕೊನೆಗೆ ಹೋದ ವಾರ ನಿಜವಾಗಿಯೇ ಎದೆನೋವು ಬಂತು. ವಾರ್ಡಿನ ನರ್ಸಮ್ಮ ಅಮ್ಮನ ಕೈಕೆಳಗೆ ಕಲಿತವಳೇ. ಅಮ್ಮನ ಹಣೆಯ ಬೆವರು ಒರೆಸುತ್ತಾ, "ರೋಗಿಯಮ್ಮ, ನಿಜ ಹೇಳಿ, ಎಷ್ಟು ನೋವಿದೆ?" ಎಂದು ಕೇಳಿದ್ದಳು.

"ಈ ಸಲ ಚೀಟಿ ಇಲ್ಲ ಕಣೇ," ಅಂದಿದ್ದಳು ಅಮ್ಮ. "ಇರೋದನ್ನೇ ಹೇಳ್ತಿದೀನಿ."

*

ಬೂಟಿನ ಡಬ್ಬ ಅಮ್ಮನ ಬಟ್ಟೆಗಳ ಕೆಳಗಿತ್ತು. ಹಳೆ ಹಾಜರಿ ಪುಸ್ತಕದ ರಟ್ಟನ್ನು ಅಂಗೈಯಷ್ಟಗಲ ಕತ್ತರಿಸಿದ ಚೀಟಿಗಳು, ನೂರಕ್ಕೂ ಹೆಚ್ಚು. ಅಮ್ಮನ ಅಕ್ಷರ ಸೊಟ್ಟ, ಕಾಗುಣಿತ ದೇವರಿಗೇ ಪ್ರೀತಿ. ಮುಂಬದಿಯಲ್ಲಿ ರೋಗಿ ಏನು ಹೇಳುತ್ತಾನೆ ಎಂದಿತ್ತು. ಹಿಂಬದಿಯಲ್ಲಿ ಏನು ಮುಚ್ಚಿಡುತ್ತಾನೆ, ಯಾವಾಗ ಬಾಯಿ ಬಿಡುತ್ತಾನೆ ಎಂದಿತ್ತು. ಮಗಳು ಇಷ್ಟು ವರ್ಷದಲ್ಲಿ ಒಂದನ್ನೂ ಓದಿರಲಿಲ್ಲ.

ಮೇಲಿದ್ದದ್ದನ್ನು ತೆಗೆದಳು. ‘ಮುದುಕ. ಮಾತ್ರೆ ತಗೊಂಡೆ ಅಂತಾನೆ.’ ಹಿಂದೆ: ‘ಓದೋಕೆ ಬರಲ್ಲ. ಯಾವ ಮಾತ್ರೆ ಯಾವಾಗ ಗೊತ್ತಿಲ್ಲ. ನಗದೆ ಕೇಳಿದರೆ ಹೇಳ್ತಾನೆ.’ ಇನ್ನೊಂದು: ‘ಹೆಂಗಸು. ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂತಾಳೆ.’ ಹಿಂದೆ: ‘ಮನೇಲಿ ಮೆಟ್ಟಿಲೇ ಇಲ್ಲ. ಗಂಡ ಪಕ್ಕದಲ್ಲಿದ್ದರೆ ಸತ್ತರೂ ಹೇಳಲ್ಲ.’

ಮೂರನೆಯದನ್ನು ಓದಿ ಅಲ್ಲೇ ಕುಸಿದು ಕೂತಳು.

‘ಹುಡುಗಿ, ಹತ್ತೊಂಬತ್ತು. ತಲೆನೋವು ಅಂತಾಳೆ.’ ಹಿಂದೆ: ‘ಬದುಕು ಸಾಕು ಅನ್ನಿಸಿದೆ. ಮೊದಲ ಸಲ ಕೇಳಿದರೆ ಏನಿಲ್ಲ ಅಂತಾಳೆ. ತಾಯಿಯನ್ನು ಹೊರಗೆ ಕಳಿಸಿ ಎರಡನೇ ಸಲ ಕೇಳಬೇಕು.’

ತನಗೆ ಹತ್ತೊಂಬತ್ತಾದ ವರ್ಷ ಮಗಳು ಎರಡು ತಿಂಗಳು ಯಾರ ಜೊತೆಗೂ ಮಾತಾಡಿರಲಿಲ್ಲ. ತಲೆನೋವೆಂದು ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ನರ್ಸಮ್ಮ, ಅವಳೂ ಅಮ್ಮನ ಬಳಿ ಕಲಿತವಳೇ, ಕುಡಿಯುವ ನೀರು ತನ್ನಿ ಎಂದು ಅಮ್ಮನನ್ನು ಹೊರಗೆ ಕಳಿಸಿದಳು, ‘ಏನಿಲ್ಲ’ ಎಂಬ ಉತ್ತರ ಕೇಳಿಯೂ ಎದ್ದು ಹೋಗದೆ ಇನ್ನೊಂದು ಸಲ ಕೇಳಿದಳು. ಅವತ್ತು ಬಾಯಿಬಿಟ್ಟು ಅತ್ತದ್ದಕ್ಕೇ ಮಗಳು ಇವತ್ತು ಇಲ್ಲಿದ್ದಾಳೆ. ಒಂದು ಲೋಟ ನೀರಿಗೆ ಅಮ್ಮ ಅರ್ಧ ಗಂಟೆ ಹೊರಗಿದ್ದಳು ಎಂಬುದು ಅವಳಿಗೆ ಈಗ ಹೊಳೆಯಿತು. ಹದಿನೇಳು ವರ್ಷ ಆ ಬಗ್ಗೆ ಒಂದೇ ಒಂದು ಮಾತಾಡದೆ ಎಲ್ಲ ಗೊತ್ತಿಟ್ಟುಕೊಂಡಿದ್ದಳಲ್ಲ ಈ ಅಮ್ಮ. ಮಗಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಡಬ್ಬ ಹಿಡಿದು ಹೊರಗೆ ಬಂದಳು.

"ಸರ್, ಇದನ್ನ ತಗೊಂಡು ಏನ್ ಮಾಡ್ತೀರಿ?"

ಪ್ರಾಂಶುಪಾಲರ ಮುಖ ಅರಳಿತು. "ಬೊಂಬೆಯ ಕಂಪ್ಯೂಟರಿಗೆ ಹಾಕಿಸ್ತೀವಮ್ಮ. ಗುಂಡಿ ಒತ್ತಿದ್ರೆ ಮಾತಾಡುತ್ತೆ. ಮುಂಬದಿ ಸಾಕು. ಹಿಂಬದಿಯ ಕತೆಗೆಲ್ಲ ಅದರಲ್ಲಿ ಜಾಗ ಇಲ್ಲ, ಪರೀಕ್ಷೆಗೆ ಅದು ಬರೋದೂ ಇಲ್ಲ. ರಟ್ಟು ಬಿಸಾಕಿ, ಚೆನ್ನಾಗಿ ಅಚ್ಚು ಹಾಕಿಸಿ ತಂಡದವರಿಗೆ ತೋರಿಸ್ತೀವಿ."

"ಬರೆದೋರು ಯಾರು ಅಂತ ತೋರಿಸ್ತೀರಿ?"

"ಶಾಲೆಯ ಸಮಿತಿ ಅಂತ. ಆಯಾ ಬರೆದದ್ದು ಅಂದ್ರೆ ತಂಡದವರು ಏನಂದ್ಕೊಳ್ತಾರೆ, ನೀವೇ ಹೇಳಿ."

"ಹಾಗಾದ್ರೆ ಕೊಡಲ್ಲ," ಅಂದಳು ಮಗಳು.

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಹೆಣ ಮುಂದಿಟ್ಕೊಂಡು ಹಟ ಬೇಡ ಕಣೇ."

"ಹೆಣದ ಹಟಾನೇ ಇದು ಚಿಕ್ಕಮ್ಮ. ಹದಿನೇಳು ವರ್ಷದ ಹಿಂದೆ ನರ್ಸಮ್ಮ ಒಬ್ಬಳು ಮುಂಬದಿ ಓದಿ ಎದ್ದುಹೋಗಿದ್ರೆ, ಇವತ್ತು ಅಮ್ಮನ್ನ ಕಳಿಸಿಕೊಡೋಕೆ ನಾನಿರ್ತಿರಲಿಲ್ಲ." ಪ್ರಾಂಶುಪಾಲರ ಕಡೆ ತಿರುಗಿದಳು. ಬಸ್ಸಿನಲ್ಲಿ ಚಿಲ್ಲರೆಯ ಜಗಳ ಬಂದಾಗ ಏಳುವ ದನಿ ಎದ್ದಿತು. "ನಿಮ್ಮ ಬೊಂಬೆ ಇರ್ಲಿ ಸರ್, ಬೇಡ ಅನ್ನಲ್ಲ. ಚೀಟಿ ಮಾತ್ರ ಮಲಗೋರಿಗೆ. ನಮ್ಮಮ್ಮ ಇದನ್ನ ಕಾಗದಕ್ಕೆ ಅಂತ ಬರೀಲಿಲ್ಲ, ಮೈಗೆ ಅಂತ ಬರೆದ್ಲು."

ಅಷ್ಟಂದು ಅಂಗಳಕ್ಕಿಳಿದು ಡಬ್ಬವನ್ನು ಹುಡುಗಿಯರ ಮುಂದೆ ಹಿಡಿದಳು. ಉದ್ದ ಜಡೆಯವಳು ಪ್ರಾಂಶುಪಾಲರನ್ನೊಮ್ಮೆ ನೋಡಿದಳು, ಕೈ ಹಾಕಿ ಒಂದು ಹಿಡಿ ಎತ್ತಿಕೊಂಡಳು. ಪಕ್ಕದವಳೂ ಎತ್ತಿಕೊಂಡಳು. ಡಬ್ಬ ಸಾಲಿನ ಉದ್ದಕ್ಕೂ ಹೋಯಿತು. ಹುಡುಗಿಯರು ತುಟಿ ಅಲ್ಲಾಡಿಸುತ್ತಾ ಓದತೊಡಗಿದರು.

"ಇಂಟರ್ನಲ್ ಅಂಕ ನನ್ನ ಕೈಯಲ್ಲಿದೆ, ನೆನಪಿರಲಿ," ಅಂದರು ಪ್ರಾಂಶುಪಾಲರು. ಮೊದಲ ವರ್ಷದ ಪುಟ್ಟ ಹುಡುಗಿಯ ಮುಂದೆ ಬಂದು ಕೈ ಚಾಚಿದರು. ಅದು ಹಾಜರಿ ಕೂಗಿದರೂ ದನಿ ಹೊರಡದ ಹುಡುಗಿ. "ಏಯ್, ಕೊಡಿಲ್ಲಿ. ಏನಿದೆ ಅದರಲ್ಲಿ?"

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಚೀಟಿಗಳನ್ನು ಜೇಬಿಗಿಳಿಸಿದಳು. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು.

"ಹೊಟ್ಟೆ ನೋವು ಸರ್. ಮೂರು ದಿನ ಆಯ್ತು."

"ಏನು ಹುಡುಗಾಟ ಇದು?"

"ಎದೆ ಉರಿ ಸರ್," ಅಂದಳು ಪಕ್ಕದವಳು, ಗೋಡೆಗೆ ಒರಗಿ. ಉದ್ದ ಜಡೆಯವಳು ಒಂದು ಕಾಲು ಎಳೆಯುತ್ತಾ ಎರಡು ಹೆಜ್ಜೆ ನಡೆದು, "ಮೆಟ್ಟಿಲಲ್ಲಿ ಜಾರಿದೆ ಸರ್," ಅಂದಳು. ಒಬ್ಬಳಿಗೆ ಉಬ್ಬಸ, ಒಬ್ಬಳಿಗೆ ಕಣ್ಣು ಮಂಜು. ಇನ್ನೊಬ್ಬಳು ಮುದುಕನಂತೆ ಕಿವಿಗೆ ಕೈ ಅಡ್ಡ ಹಿಡಿದು ಆಂ, ಆಂ ಎಂದಳು. ಹನ್ನೆರಡು ಮಂದಿಯೂ ನರಳುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ಪ್ರಾಂಶುಪಾಲರು ಒಬ್ಬಳಿಂದ ಇನ್ನೊಬ್ಬಳ ಕಡೆಗೆ ತಿರುಗಿದರು. ಏನು ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಖಾಲಿ ಡಬ್ಬ ಹೇಗೋ ಅವರ ಕೈಗೆ ಬಂದಿತ್ತು.

ಹೊರಗೆ ಗಾಡಿ ನಿಂತ ಸದ್ದಾಯಿತು. ಹೊತ್ತಾಯ್ತು ಎನ್ನಲು ಒಳಗೆ ಬಂದ ಚಾಲಕ, ಬೆವರಿದ ಕತ್ತಿನ ನಡುವಯಸ್ಸಿನವನು, ಬಾಗಿಲಲ್ಲೇ ಗಕ್ಕನೆ ನಿಂತ. ಅಂಗಳದ ತುಂಬ ನರಳುವ ಮಕ್ಕಳು. ಅವನು ಗಾಡಿಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಪ್ರಾಂಶುಪಾಲರನ್ನು ದಾಟಿ ಹೋಗಿ, ಪುಟ್ಟ ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಏನಾಯ್ತು ಮಗಳೇ?" ಅಂದ. "ಊಟ ಮಾಡಿ ಎಷ್ಟು ಹೊತ್ತಾಯ್ತು?"

ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಹೊಟ್ಟೆಯ ಮೇಲಿನ ಕೈ ತೆಗೆದು, ಚೀಟಿಯ ಹಿಂಬದಿಯದನ್ನು ಅವನಿಗಷ್ಟೇ ಕೇಳಿಸುವಂತೆ ಹೇಳತೊಡಗಿದಳು.